ಮಾರ್ಚ್ ತಿಂಗಳಲ್ಲಿ ನೋಡಿದ ಗದ್ದೆ

ಚಾಚಾ ಜೀಪಿನಿಂದ ಯಾವತ್ತೂ ಬೆನ್ನು ಹೊರಗೆ ಮಾಡಿಯೇ ಇಳಿಯುತ್ತಿದ್ದರು. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಮುಖ ಸೀಟಿನ ಕಡೆ ತಿರುಗಿಸಿ, ಒಂದು ಕಾಲು ಕೆಳಗೆ ಬಿಟ್ಟು ನೆಲ ಎಲ್ಲಿದೆ ಎಂದು ತಡಕುವುದು. ನೆಲವೇನೋ ಒಂದೂವರೆ ಅಡಿ ಕೆಳಗಿರುತ್ತಿತ್ತು. ಆದರೆ ಅದು ಇಪ್ಪತ್ತು ವರ್ಷ ಅದಿರಿನ ಟಿಪ್ಪರ್ ಓಡಿಸಿದ ಮೈ; ಗಾಡಿ ಇಳಿಯುವುದೆಂದರೆ ಏಣಿ ಇಳಿದಂತೆ ಎಂದೇ ಅದಕ್ಕೆ ರೂಢಿ. ಮೊದಲ ದಿನ ನೋಡಿ ನಾನು ನಕ್ಕುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ನಗ್ರಿ ಮೇಡಂ. ನಕ್ಕೋತನs ನೀವೂ ಇಳೀರಿ," ಎಂದರು.

ಇಳಿಯುವ ಮನಸ್ಸು ನನಗಿರಲಿಲ್ಲ, ಅದು ಅವರಿಗೆ ಗೊತ್ತಾಗಿತ್ತು. ನಮ್ಮದು ಸರ್ಕಾರ ಹಣ ಕೊಟ್ಟ ಸಂಶೋಧನೆ. ಹವಾಮಾನ ಬದಲಾದಂತೆ ದಕ್ಷಿಣ ಗೋವಾದ ಬೇಸಾಯ ಏನಾಗುತ್ತಿದೆ, ಯಾವ ನೆಲ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ನಕ್ಷೆ ಮಾಡಬೇಕಿತ್ತು. ಉಪಗ್ರಹದ ಚಿತ್ರದ ಮೇಲೆ ಕಂಪ್ಯೂಟರ್ ನೂರಾರು ಚುಕ್ಕೆಗಳನ್ನು ಇಡುತ್ತದೆ. ಯಾರಾದರೂ ಒಬ್ಬರು ಆ ಚುಕ್ಕೆ ಬಿದ್ದ ಜಾಗಕ್ಕೇ ಹೋಗಿ, ನಿಂತು, ನಾಲ್ಕು ದಿಕ್ಕಿಗೂ ಫೋಟೋ ತೆಗೆದು, ಇಲ್ಲಿ ಬೆಳೆ, ಇಲ್ಲಿ ತೋಟ, ಇಲ್ಲಿ ಪಾಳು ಎಂದು ಬರೆದುಕೊಂಡು ಬರಬೇಕು. ಆ ಒಬ್ಬಳು ನಾನು. ವಾಸ್ಕೋದಲ್ಲಿ ಬೆಳೆದು, ಧಾರವಾಡದಲ್ಲಿ ಕೃಷಿ ಓದಿ ಬಂದವಳು; ಹನ್ನೊಂದು ತಿಂಗಳಿಗೊಮ್ಮೆ ನವೀಕರಣವಾಗುವ ನೌಕರಿ. ಚಾಚಾ ನಮ್ಮ ಬಾಡಿಗೆ ಜೀಪಿನ ಡ್ರೈವರ್. ವಿಜಯಪುರದ ಕಡೆಯಿಂದ ಹರೆಯದಲ್ಲೇ ಬಂದು ಸಾವರ್ಡೆಯಲ್ಲಿ ಮನೆ ಮಾಡಿಕೊಂಡವರು. ಗಣಿ ನಿಂತಾಗ ಟಿಪ್ಪರ್ ಹೋಯಿತು, ಜೀಪು ಬಂತು.

ಯೋಜನೆಗೆ ಮಂಜೂರಾತಿ ಜೂನ್‌ನಲ್ಲಿ ಸಿಗುತ್ತಿತ್ತು. ಹಣ ಜನವರಿ ಕೊನೆಗೆ ಬರುತ್ತಿತ್ತು. ಮಾರ್ಚ್ ಮೂವತ್ತೊಂದರೊಳಗೆ ಅದನ್ನು ಬಳಸಿ ಮುಗಿಸಬೇಕಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಪೂಜಾರಿ ಕೊಡುತ್ತಿದ್ದ, ಹಸಿವು ಸತ್ತ ಮೇಲೆ. ಹೀಗಾಗಿ ಮಳೆಯ ಬೆಳೆ ಕುರಿತ ನಮ್ಮ ಸಂಶೋಧನೆ ಪ್ರತಿ ವರ್ಷವೂ ಬೆಂಕಿಯಂಥ ಬಿಸಿಲಿನಲ್ಲಿ ನಡೆಯುತ್ತಿತ್ತು. ಮೊದಲ ವರ್ಷ ಇದು ನನಗೆ ಸಿಟ್ಟು ತರಿಸಿತು. ಎರಡನೆಯ ವರ್ಷ ನಗು ಬಂತು. ಮೂರನೆಯ ವರ್ಷ ಏನೂ ಬರಲಿಲ್ಲ.

ಮೂರನೆಯ ವರ್ಷದ ರಮಜಾನ್ ಮಾರ್ಚಿನಲ್ಲೇ ಬಂದಿತ್ತು. ಚಾಚಾ ಉಪವಾಸ. ನಾನು ಬಾಟಲಿಗಟ್ಟಲೆ ನೀರು ಕುಡಿಯುತ್ತ, ಅವರ ಮುಂದೆ ಕುಡಿಯುತ್ತಿದ್ದೇನಲ್ಲ ಎಂದು ನಾಚುತ್ತ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ಗೋಡಂಬಿ ಮರದ ನೆರಳಲ್ಲಿ ಗಾಡಿ ನಿಂತಿತ್ತು. ಇನ್ನು ನಾಲ್ಕು ಚುಕ್ಕೆ ಬಾಕಿ. ಎಲ್ಲವೂ ಒಂದೇ ಬಯಲಿನಲ್ಲಿ, ಒಣಗಿದ್ದು ಇಲ್ಲಿಂದಲೇ ಕಾಣುತ್ತಿತ್ತು.

"ಚಾಚಾ, ಇಲ್ಲೇ ಕೂತು ಬರೀತೀನಿ. ಎಲ್ಲಾ ಪಾಳೇ," ಎಂದೆ.

ಅವರು ಗಾಡಿ ಶುರು ಮಾಡಿ, ಕೆಟ್ಟ ದಾರಿಯಲ್ಲಿ ಒಂದೊಂದೇ ಚುಕ್ಕೆಗೆ ನನ್ನನ್ನು ಕರೆದುಕೊಂಡು ಹೋದರು. ಮೂರನೆಯ ಚುಕ್ಕೆಯಲ್ಲಿ, ದಿಬ್ಬದ ಮರೆಗೆ, ಅಳಸಂದೆ ಬಳ್ಳಿ ಹಸಿರಾಗಿ ಹಬ್ಬಿತ್ತು. ಯಾರೋ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದರು. ನಾನು ಆಗಲೇ ಬರೆದಿದ್ದ ಪಾಳು ಎಂಬುದಕ್ಕೆ ಗೆರೆ ಹೊಡೆದು ಬೆಳೆ ಎಂದು ಬರೆದೆ.

"ಇಳದ್ ನೋಡಿದ್ದಕ್ಕ ಸಿಕ್ತು ನೋಡ್ರಿ," ಎಂದರು, ಒಣಗಿದ ತುಟಿಯಲ್ಲಿ. ಅಷ್ಟೇ. ಉಪದೇಶ ಮಾಡುವ ಜನ ಅಲ್ಲ ಅವರು.

ಅವರು ನನ್ನ ಜೊತೆ ಖರೇ ಜಗಳ ಮಾಡಿದ್ದು ಒಂದೇ ಸಲ, ಕೆಪೆ ಹತ್ತಿರದ ಒಂದು ಗದ್ದೆಯ ಸಲುವಾಗಿ. ಊರಿನವರೆಲ್ಲ ಮಾವಶಿ ಎಂದು ಕರೆಯುವ ಒಬ್ಬ ಕೊಂಕಣಿ ಹೆಂಗಸಿನ ಗದ್ದೆ ಅದು. ಮಳೆ ನಂಬಿದ ಒಂದೇ ಬೆಳೆಯ ನೆಲ. ಮಾರ್ಚಿನಲ್ಲಿ ಅಲ್ಲಿ ಬಿರುಕು ಬಿಟ್ಟ ಮಣ್ಣು, ಎರಡು ಎಮ್ಮೆ. ನಾನು ಪಾಳು ಎಂದು ಬರೆದೆ. ಚಾಚಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಇಂಗ್ಲಿಷ್ ಬಾರದಿದ್ದರೂ ಯಾವ ನೆಲಕ್ಕೆ ಯಾವ ಅಕ್ಷರ ಹಾಕುತ್ತೇನೆ ಎಂಬುದು ಮೂರು ವರ್ಷದಲ್ಲಿ ಅವರಿಗೆ ಗೊತ್ತಾಗಿಹೋಗಿತ್ತು.

"ಇದು ಪಾಳ ಅಲ್ರಿ."

"ಈಗ ಬೆಳೆ ಇಲ್ಲಲ್ಲ ಚಾಚಾ. ಕಂಡದ್ದು ಬರೀಬೇಕು."

"ಮಾರ್ಚ್‌ನ್ಯಾಗ ಬಂದು ನೋಡಿದ್ರ ನಮ್ಮ ಊರಾಗಿನ ಹೊಲಾನೂ ಪಾಳs ಕಾಣ್ತಾವ. ಈ ಗದ್ದೀಗೆ ಹಂಗ ಬರೀಬ್ಯಾಡ್ರಿ. ಇದಕ್ಕ ಮಣ್ಣು ಹಾಕಿದಾಂವ ನಾನs ಅದೇನಿ."

ಆಮೇಲೆ ಗಾಡಿಯಲ್ಲಿ, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ, ಹೇಳಿದರು. ಗಣಿ ನಡೆಯುತ್ತಿದ್ದಾಗ ಅವರ ಟಿಪ್ಪರ್ ಆ ದಾರಿಯಲ್ಲೇ ಹೋಗುತ್ತಿತ್ತು. ಮೇಲೆ ತಾಡಪಾಲು ಕಟ್ಟುವಷ್ಟು ಹೊತ್ತು ಯಾರಿಗಿತ್ತು. ದಿನಕ್ಕೆ ಹೆಚ್ಚು ಸಲ ಹೋಗಿ ಬಂದು ಖೇಪು ಹೊಡೆದವನೇ ಗಂಡಸು. ರಸ್ತೆಗೆ ಉದುರಿದ ಅದಿರಿನ ಪುಡಿ ಮಳೆ ಹಿಡಿದ ಮೊದಲ ವಾರದಲ್ಲಿ ಕೆಂಪು ಕೆಸರಾಗಿ ಆ ಗದ್ದೆಗೆ ನುಗ್ಗಿತು. ಒಂದು ಬೆಳಿಗ್ಗೆ ಮಾವಶಿ ಟಿಪ್ಪರಿಗೆ ಅಡ್ಡ ನಿಂತರು. ಬೈಯಲಿಲ್ಲವಂತೆ. ಕೆಂಪು ಮೆತ್ತಿದ ಭತ್ತದ ಸಸಿಯ ಒಂದು ಹಿಡಿಯನ್ನು ಕಿಟಕಿಯಿಂದ ಅವರ ಕೈಗೆ ಕೊಟ್ಟು, ಸರಿದು, ದಾರಿ ಬಿಟ್ಟರಂತೆ.

"ಬೈದಿದ್ರ ಚಲೋ ಇತ್ರಿ. ಮರತುಬಿಡ್ತಿದ್ದೆ," ಎಂದರು ಚಾಚಾ. "ಆ ಕೆಂಪು ಮಣ್ಣು ಬುಟ್ಟೀಲೆ ಹೊತ್ತು ಹೊರಗ ಹಾಕಾಕ ಆಕಿಗೆ ಏಳೆಂಟು ವರ್ಷ ಹಿಡೀತು. ಈಗ ಬೆಳಿ ಬರಾಕತ್ತದ. ಮಳಿ ಬರ್ಲಿ, ತೋರಸ್ತೇನಿ."

ಮಳೆ ಬಂತು. ಯೋಜನೆಯ ಹಣ ಅಷ್ಟರಲ್ಲಿ ಮುಗಿದಿತ್ತು, ಜೀಪೂ ಇರಲಿಲ್ಲ. ಜುಲೈನ ಒಂದು ಭಾನುವಾರ ಫೋನ್ ಮಾಡಿ ಚಾಚಾ ನನ್ನನ್ನು ಕರೆಸಿಕೊಂಡರು. ನಾನು ವಾಸ್ಕೋದಿಂದ ಪ್ಯಾಸೆಂಜರ್ ರೈಲಿನಲ್ಲಿ ಸಾವರ್ಡೆಗೆ ಬಂದೆ. ತಮ್ಮ ಹಳೆಯ ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಸುರಿಯುವ ಮಳೆಯಲ್ಲಿ, ನಾನು ಪಾಳು ಎಂದು ಬರೆದಿದ್ದ ಹನ್ನೊಂದು ಜಾಗಗಳಿಗೆ ಕರೆದುಕೊಂಡು ಹೋದರು. ಎಂಟರಲ್ಲಿ ಭತ್ತ ನಿಂತಿತ್ತು. ಮಾವಶಿಯ ಗದ್ದೆ ಬದುವಿನಿಂದ ಬದುವಿಗೆ ಹಸಿರು. ಮಾವಶಿ ಮೊಣಕಾಲು ಮಟ್ಟದ ಕೆಸರಿನಲ್ಲಿ ನಿಂತು ನಮ್ಮತ್ತ ಕೈ ಬೀಸಿದರು. ನಾನು ನಾಲ್ಕು ದಿಕ್ಕಿಗೂ ಫೋಟೋ ತೆಗೆದೆ. ಚಾಚಾ ಕೇಳಿದರೆಂದು ಅವರ ಫೋನಿಗೂ ಕಳಿಸಿದೆ. ಆ ನೌಕರಿಯಲ್ಲಿ ನನಗೆ ಸಂತೋಷವಾದ ದಿನ ಅದೊಂದೇ ಎಂದರೆ ಸುಳ್ಳಲ್ಲ.

ಜಾಗಕ್ಕೊಂದರಂತೆ ಹೊಸದಾಗಿ ಬರೆದ ಹನ್ನೊಂದು ಹಾಳೆಗಳನ್ನು ಯೋಜನೆಯ ಮುಖ್ಯಸ್ಥರ ಮುಂದೆ ಇಟ್ಟೆ. ಅವರು ಬೆಳಗಾವಿಯವರು, ಕೆಟ್ಟವರಲ್ಲ, ನನ್ನ ಹಾಗೇ ದಣಿದವರು. ಹಾಳೆ ತಿರುವಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಮಂಜೂರಾದ ಅವಧಿ ಮುಗದ ಮ್ಯಾಲಿಂದವಾ ಇದು. ಗಾಡಿ ಬಿಲ್ಲೂ ಇಲ್ಲ. ಬಿಲ್ ಇಲ್ಲಂದ್ರ ನೀ ಹೋಗೇ ಇಲ್ಲ ಅಂದಂಗ. ಈಗ ಇದನ್ನ ಹಚ್ಚಿದ್ರ ಇಡೀ ವರದಿ ವಾಪಸ್ ಬರ್ತದ. ಮುಂದಿನ ಯೋಜನಾ ಸಿಗೂದಿಲ್ಲ, ನಿನ್ನ ನೌಕರೀನೂ ಇಲ್ಲ."

ಹಾಳೆಗಳನ್ನು ವಾಪಸ್ ತಂದು ನನ್ನ ಡ್ರಾಯರಿನಲ್ಲಿ ಇಟ್ಟೆ. ಕ್ಷೇತ್ರ ಪರಿಶೀಲನೆ ಮಾಡಿದವರು ಎಂಬ ಕಡೆ ಸಹಿ ಹಾಕಿದೆ. ನಕ್ಷೆ ಅಚ್ಚಾಯಿತು, ಕೆಪೆ ಹತ್ತಿರ ಮಾವಶಿಯ ಗದ್ದೆ ಹಳದಿಯಾಗಿ ಬಂತು. ಹಳದಿ ಎಂದರೆ ಪಾಳು.

ಮುಂದಿನ ಯೋಜನೆ ಸಿಕ್ಕಿತು. ಜೀಪೂ ಬಂತು, ಚಾಚಾನೂ ಬಂದರು. ಮೊದಲ ದಿನವೇ ಕೇಳಿದರು, "ನಮ್ಮ ಮಳಿಗಾಲದ ಹಾಳಿ ಹಚ್ಚಿದ್ರೇನ್ರಿ?"

"ಹಚ್ಚೇವಿ ಚಾಚಾ," ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. "ಚಲೋ ಆತು," ಎಂದು ಗಾಡಿ ಶುರು ಮಾಡಿದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಅವರು ನಂಬಿದರು ಎಂದು ನಾನು ನಂಬಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ, ನನ್ನದು ಅದೂ ಆಗಲಿಲ್ಲ. ಸ್ವಲ್ಪ ದಿನಕ್ಕೆ ಅಭ್ಯಾಸವಾಗಿಬಿಟ್ಟಿತು.

ಈ ವರ್ಷ ರಮಜಾನ್ ಕಳೆದು ಎರಡು ವಾರಕ್ಕೆ ಚಾಚಾ ತೀರಿಕೊಂಡರು. ಹಗಲು ಊಟ ಮಾಡಿ ಮಲಗಿದವರು ಏಳಲಿಲ್ಲ. ಮೂರನೆಯ ದಿನದ ಜಿಯಾರತ್ ಪ್ರಾರ್ಥನೆಗೆ ಸಾವರ್ಡೆಯ ಅವರ ಮನೆಗೆ ಹೋದೆ. ಹೆಂಗಸರು ಕೂತಿದ್ದ ಒಳಕೋಣೆಯಲ್ಲಿ, ಗೋಡೆಗೆ ಒರಗಿ ಮಾವಶಿ ಕೂತಿದ್ದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅಲ್ಲಿ ನನಗೆ ತಡೆಯಲಾಗಲಿಲ್ಲ. ನನ್ನ ಹರಕು ಕೊಂಕಣಿಯಲ್ಲಿ ಎಲ್ಲ ಹೇಳಿದೆ: ಹಾಳೆ ಹಚ್ಚಲಿಲ್ಲ, ಸಹಿ ಹಾಕಿದೆ, ಚಾಚಾಗೆ ಸುಳ್ಳು ಹೇಳಿದೆ.

"ತಾಕಾ ಸಗ್ಳೆಂ ಖಬರ್ ಆಶಿಲ್ಲೆಂ," ಎಂದರು ಮಾವಶಿ. ಚಾಚಾಗೆ ಎಲ್ಲ ಗೊತ್ತಿತ್ತಂತೆ.

ಕಳೆದ ವರ್ಷ ಹೋಳಿಯ ಶಿಗ್ಮೋ ಹಬ್ಬ ಮುಗಿದ ಮೇಲೆ ಸರ್ಕಾರಿ ಕಚೇರಿಯ ಇಬ್ಬರು ಅದೇ ನಕ್ಷೆ ಹಿಡಿದುಕೊಂಡು ಗದ್ದೆಗೆ ಬಂದಿದ್ದರಂತೆ. ಇದು ಪಾಳು ನೆಲ, ಬೇರೆ ಬಳಕೆಗೆ ಕೊಡಬಹುದು ಎಂದು ಕಲ್ಲು ನೆಟ್ಟು ಹೋದರಂತೆ. ಮಾವಶಿ ಚಾಚಾಗೆ ಫೋನ್ ಮಾಡಿದರು. ಅಂದಿನಿಂದ ಕೆಪೆಯ ಕಂದಾಯ ಕಚೇರಿಯಲ್ಲಿ ತಕರಾರು ನಡೆದಿದೆ. ವಿಚಾರಣೆಗೆ ಕರೆದಾಗಲೆಲ್ಲ ಚಾಚಾ ಒಂದು ದಿನದ ಬಾಡಿಗೆ ಬಿಟ್ಟು ಮಾವಶಿಯ ಜೊತೆ ಹೋಗಿ, ತಮ್ಮ ಫೋನಿನಲ್ಲಿದ್ದ ಮಳೆಗಾಲದ ಫೋಟೋ ತೋರಿಸಿ, ನಾನು ಕಣ್ಣಾರೆ ನೋಡೇನಿ ಎಂದು ಹೇಳಿ ಬರುತ್ತಿದ್ದರು. ಆ ಹುಡುಗಿಯನ್ನೇ ಯಾಕೆ ಕರೆಯಬಾರದು ಎಂದು ಮಾವಶಿ ಕೇಳಿದ್ದರಂತೆ. ಬೇಡ, ಅವಳ ನೌಕರಿ ಹೋಗುತ್ತದೆ ಎಂದಿದ್ದರಂತೆ ಚಾಚಾ.

ಹೊರಗೆ ಗಂಡಸರು ಪ್ರಾರ್ಥನೆ ಮುಗಿಸುತ್ತಿದ್ದರು. ಮುಂದಿನ ವಿಚಾರಣೆ ಸೋಮವಾರ ಇದೆ ಎಂದರು ಮಾವಶಿ. ಬಾ ಎನ್ನಲಿಲ್ಲ. ನನ್ನ ಕೈ ಮಾತ್ರ ಬಿಟ್ಟಿರಲಿಲ್ಲ.

ಸೋಮವಾರ ಡ್ರಾಯರಿನಿಂದ ಹನ್ನೊಂದು ಹಾಳೆ ತೆಗೆದುಕೊಂಡು ಕೆಪೆಗೆ ಹೋದೆ. ಅಧಿಕಾರಿ ಕಡತದಿಂದ ತಲೆ ಎತ್ತಿ, ಆ ಡ್ರೈವರ್ ಬರಲಿಲ್ಲವೇ ಎಂದು ಕೇಳಿದರು. ತೀರಿಕೊಂಡರು ಎಂದೆ.

"ಹಾಗಾದರೆ ನೀವು ಯಾರು?"

"ಈ ಗದ್ದೆಯನ್ನು ಪಾಳು ಎಂದು ಬರೆದವಳು," ಎಂದೆ.