ಹಿಮದ ಬೆಟ್ಟಕ್ಕೆ ದೊಡ್ಡಕ್ಕನ ಮೂಟೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರ ಪಾಲಿಗೂ ಅವಳು ದೊಡ್ಡಕ್ಕ. ವಾರ್ಡಿನ ಹೊದಿಕೆಯಾಗಲಿ, ಡಾಕ್ಟರರ ಹಸಿರು ಗೌನಾಗಲಿ, ಅವಳು ಮಡಿಚಿದ್ದರಲ್ಲಿ ಒಂದು ಸುಕ್ಕು ಹುಡುಕಿದವರಿಲ್ಲ. ಬಾಯಿಗೆ ಮಾತ್ರ ಇಸ್ತ್ರಿ ಇರಲಿಲ್ಲ; ಒಂದಕ್ಕೆ ಹತ್ತು ಸೇರಿಸಿಯೇ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಇಸ್ತ್ರಿಯವನು, "ಈ ಬಾಯ್ಲರ್ ಬಿಟ್ರೆ ನೀವು ಬೇರೆ ಏನಾದ್ರೂ ನೋಡಿದೀರಾ ದೊಡ್ಡಕ್ಕ?" ಎಂದು ಕೆಣಕಿದ.

"ಮುಂದಿನ ತಿಂಗಳು ನೋಡ್ತೀನಲ್ಲ. ಹೊರದೇಶಕ್ಕೆ ಹೊರಟಿದೀನಿ, ಹಿಮದ ಬೆಟ್ಟ ಹತ್ತೋಕೆ!"

ನಿಜಕ್ಕೂ ಹೊರಟಿದ್ದವಳು ಅವಳ ತಂಗಿ. ಜೊತೆಗೆ ಬಾ ಎಂದು ಕರೆದಾಗಲೆಲ್ಲ ದೊಡ್ಡಕ್ಕ ಬೇಡವೆಂದು ಕೈಮುಗಿದಿದ್ದಳು. ಆದರೆ ಸಂಜೆಯೊಳಗೆ ಸುದ್ದಿ ಇಡೀ ಆಸ್ಪತ್ರೆ ಸುತ್ತಿ ಬಂದಿತ್ತು. ಆಡಿದ ಮಾತನ್ನು ನುಂಗುವುದು ಹೇಗೆ? ಮನೆಗೆ ಹೋದವಳೇ ತಂಗಿಗೆ ಫೋನು ಮಾಡಿದಳು.

"ನಿಜವಾಗ್ಲೂ ಬರ್ತೀಯಾ? ಮಂಡಿನೋವು?"

"ಅದೂ ಬರುತ್ತೆ. ಮನೇಲಿ ಬಿಟ್ಟು ಬರೋಕಾಗುತ್ತಾ?"

ಹೊರಡುವ ದಿನ ಹತ್ತಿರವಾದಾಗ ತಂಗಿ ಬಂದು ನೋಡಿದರೆ ಮಂಚವೇ ಕಾಣದಷ್ಟು ಸಾಮಾನು. ಟವೆಲ್ಲುಗಳ ಗೋಪುರ, ಎರಡು ದಿಂಬು, ಬಿಸಿನೀರಿನ ಚೀಲ, ಸಾಲದ್ದಕ್ಕೆ ಒಂದು ಪುಟ್ಟ ಇಸ್ತ್ರಿ ಪೆಟ್ಟಿಗೆ.

"ಹಿಮದಲ್ಲಿ ಇಸ್ತ್ರಿ ಪೆಟ್ಟಿಗೆ ಯಾಕಕ್ಕಾ?"

"ಮೇಲೆ ನಿಲ್ಲಿಸಿ ಫೋಟೋ ತೆಗೀತಾರಲ್ವಾ? ಮುದುಡಿದ ಬಟ್ಟೇಲಿ ನಿಂತ್ಕೊಳ್ಳಲಾ?"

"ಕರೆಂಟು?"

ದೊಡ್ಡಕ್ಕ ಯೋಚಿಸಿದಳು. "ಹಾಗಾದ್ರೆ ಪಾಪ, ಅಲ್ಲಿನವರು ಏನು ಮಾಡ್ತಾರೆ?"

ಕಿಟಕಿಯ ಬಳಿ ಪೇಪರು ಹಿಡಿದು ಕೂತಿದ್ದ ಗಂಡ ತಲೆಯೆತ್ತದೆ, "ಮೊದಲು ಅದನ್ನೆಲ್ಲ ಹೊತ್ತು ನಿಂತ್ಕೋ ನೋಡೋಣ" ಎಂದ. ಎಲ್ಲವನ್ನೂ ಬೆನ್ನುಚೀಲಕ್ಕೆ ತುರುಕಿ, ಪಟ್ಟಿಗಳಿಗೆ ತೋಳು ತೂರಿಸಿ ಎದ್ದವಳು ಎದ್ದಷ್ಟೇ ವೇಗದಲ್ಲಿ ಮಂಚದ ಮೇಲೆ ಕುಕ್ಕರಿಸಿದಳು. ಆಮೇಲೆ ತಂಗಿ ಒಂದೊಂದೇ ತೆಗೆದಿಡುವುದು, ಅವಳು ಬೆನ್ನು ತಿರುಗಿಸಿದೊಡನೆ ಅಕ್ಕ ಮತ್ತೆ ತುರುಕುವುದು. ಇಸ್ತ್ರಿ ಪೆಟ್ಟಿಗೆಯನ್ನಂತೂ ತಂಗಿ ತನ್ನ ಮನೆಗೇ ಒಯ್ದಳು.

ಭಾನುವಾರ ಗಂಡ ಕ್ಷೌರಕ್ಕೆ ಹೋಗಿದ್ದಾಗ, ಬಾಡಿಗೆಗೆ ತಂದಿದ್ದ ಸ್ಲೀಪಿಂಗ್ ಬ್ಯಾಗಿನೊಳಗೆ ದೊಡ್ಡಕ್ಕ ಒಮ್ಮೆ ಮಲಗಿ ನೋಡಿದಳು. ಕೈಗಳನ್ನು ಒಳಗಿಟ್ಟುಕೊಂಡೇ ಗಲ್ಲದವರೆಗೆ ಜಿಪ್ಪು ಎಳೆದಳು. ಜಿಪ್ಪು ಬಟ್ಟೆಯನ್ನು ಕಚ್ಚಿಕೊಂಡು ಕೂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಗಂಡನೇ ಬಂದನೆಂದುಕೊಂಡು ಹೇಗೋ ಎದ್ದು, ಕುಪ್ಪಳಿಸುತ್ತ ಹೋಗಿ, ಗಲ್ಲದಿಂದಲೇ ಹಿಡಿಕೆ ಒತ್ತಿ ಬಾಗಿಲು ತೆರೆದಳು.

ಎದುರಿಗೆ ಅರ್ಧ ಲಾಂಡ್ರಿ ನಿಂತಿತ್ತು, ಅವಳಿಗೆಂದು ಕೊಂಡ ಉಣ್ಣೆ ಟೋಪಿ ಹಿಡಿದು.

ಇಸ್ತ್ರಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ದೊಡ್ಡಕ್ಕ, ನಿಮ್ಮನ್ನ ಯಾರು ಇಷ್ಟು ಚೆನ್ನಾಗಿ ಮಡಿಚಿದ್ದು?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ದೊಡ್ಡಕ್ಕನಿಗಂತೂ ಹೊಟ್ಟೆ ಹಿಡಿದುಕೊಳ್ಳಲು ಕೈಯೇ ಇರಲಿಲ್ಲ. ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಜಿಪ್ಪಿಗೆ ಸೋಪು ಉಜ್ಜಿ ಅವಳನ್ನು ಬಿಡಿಸಿದರು.

ಚಹಾ ಕುಡಿಯುವಾಗ ಅವಳು ಮೆಲ್ಲಗೆ ಹೇಳಿದಳು: "ಭಯ ಆಗ್ತಿದೆ ಕಣ್ರೋ. ಅವತ್ತು ಏನೋ ಜಂಬಕ್ಕೆ ಹೇಳ್ಬಿಟ್ಟೆ."

"ನಮಗೆ ಅವತ್ತೇ ಗೊತ್ತಿತ್ತು" ಎಂದ ಇಸ್ತ್ರಿಯವನು. "ಆದ್ರೂ ಹೋಗಿ ಬನ್ನಿ. ನಾವೂ ನಾಲ್ಕು ದಿನ ಸೊಟ್ಟಗೆ ಮಡಿಚ್ಕೊಂಡು ಸುಖವಾಗಿರ್ತೀವಿ."

ದೊಡ್ಡಕ್ಕ ಹೋದಳು. ಬೆಟ್ಟದ ಅರ್ಧದಲ್ಲಿ ಮಂಡಿ ಮುಷ್ಕರ ಹೂಡಿತು. ತಂಗಿ ತುದಿಗೆ ಹೋಗಿ ಬರುವವರೆಗೆ ಅವಳು ಅಲ್ಲಿನ ಮರದ ಗುಡಿಸಲಿನ ಮುಂದೆ, ಕಂಬಳಿ ಹೊದ್ದು, ಬಿಸಿಲಿಗೆ ಬಣ್ಣ ಬದಲಿಸುವ ಹಿಮವನ್ನು ನೋಡುತ್ತ ಕೂತಳು. ಯಾರೊಂದಿಗೂ ಮಾತಾಡಬೇಕೆನ್ನಿಸಲಿಲ್ಲ. ಅವಳ ಜೀವಮಾನದಲ್ಲಿ ಹಾಗಾದದ್ದು ಅದೇ ಮೊದಲು.

ಮರಳಿದ ಮೇಲೆ ಲಾಂಡ್ರಿಯವರು ಸುತ್ತುವರಿದಾಗ, "ಅರ್ಧಕ್ಕೇ ಕೂತ್ಕೊಂಡೆ. ಚೆನ್ನಾಗಿತ್ತು" ಎಂದಷ್ಟೇ ಹೇಳಿದಳು.

ಯಾರೂ ನಂಬಲಿಲ್ಲ. ದೊಡ್ಡಕ್ಕ ಇಷ್ಟು ಕಮ್ಮಿ ಹೇಳುತ್ತಿದ್ದಾಳೆಂದರೆ ತುದಿಯನ್ನೂ ದಾಟಿ ಹೋಗಿರಬೇಕು ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡರು.