ಅಯಸ್ಕಾಂತ ಹದ ಮಾಡೋ ಸೊಸೆ
ನೀನು ನಗು ಪುಟ್ಟಾ, ಆದ್ರೆ ನಿನ್ನ ಚಿಕ್ಕಮ್ಮನ ಹಾಗೆ ಇನ್ನೊಬ್ಬರನ್ನ ತೋರಿಸು ನೋಡೋಣ, ನನ್ನ ಕಿರಿ ಸೊಸೆ ಅಂತ ಹೇಳ್ತಿಲ್ಲ. ಅವಳ ಲ್ಯಾಬಲ್ಲಿ ಎನ್‌ಎಂಆರ್ ಅಂತ ಒಂದು ಯಂತ್ರ, ಹಂಡೆಗಿಂತ ದೊಡ್ಡ ಅಯಸ್ಕಾಂತ ಇರೋದು; ಔಷಧಿಯೊಳಗೆ ಏನೇನಿದೆ ಅಂತ ಪರದೆ ಮೇಲೆ ಗೆರೆ ಎಳೆದು ಹೇಳುತ್ತಂತೆ. ಆ ಗೆರೆ ಸೂಜಿ ಥರ ನೆಟ್ಟಗೆ ನಿಲ್ಲೋ ಹಾಗೆ ಅಯಸ್ಕಾಂತ ಹದ ಮಾಡೋದೇ ಇವಳ ಕೆಲಸ. ಒಂದು ಕಡೆ ಸರಿಮಾಡಿದ್ರೆ ಇನ್ನೊಂದು ಕಡೆ ಕೆಡುತ್ತೆ, ಥೇಟ್ ನನ್ನ ನಾದಿನಿಯರ ಹಾಗೆ. ಅಯ್ಯೋ, ಇದನ್ನ ಮಾತ್ರ ನಿನ್ನ ನೋಟ್‌ಬುಕ್ಕಲ್ಲಿ ಬರ್ಕೋಬೇಡ. "ಇನ್ನೊಂದು ಚೂರು, ಇನ್ನೊಂದೇ ಚೂರು" ಅಂತ ಅದನ್ನ ರಮಿಸ್ತಾಳಂತೆ. ಮನೇಲೂ ಅದೇ ಚಾಳಿ. ಸಾರಿಗೆ ಉಪ್ಪು ಇನ್ನೊಂದು ಚೂರು, ಗೋಡೆ ಮೇಲಿನ ನಿಮ್ಮ ತಾತನ ಫೋಟೋ ಎಡಕ್ಕೆ ಇನ್ನೊಂದು ಚೂರು. ಬದುಕಿದ್ದಾಗ ತಾತ ಯಾರ ಮಾತಿಗೂ ಅಷ್ಟು ಜರುಗಿದವರಲ್ಲ! ಅಯಸ್ಕಾಂತ ಸೆಳೆಯುತ್ತೆ ಅಂತ ಲ್ಯಾಬಲ್ಲಿ ಬಿಚ್ಚಿಡೋ ಅಭ್ಯಾಸಬಲದಿಂದ ಮನೆ ಬಾಗಿಲಲ್ಲೂ ಗಡಿಯಾರ, ಬಳೆ, ಹೇರ್‌ಪಿನ್ನು ಎಲ್ಲಾ ಬಿಚ್ಚಿಡ್ತಾಳೆ. "ಕಟ್ಕೊಂಡ ಗಂಡನ್ನೂ ಅಲ್ಲೇ ಬಿಚ್ಚಿಡು ತಾಯಿ" ಅಂತಾನೆ ನನ್ನ ಮಗ. ನನ್ನ ಎದೆಗೆ ಪೇಸ್‌ಮೇಕರ್ ಹಾಕಿದ್ಮೇಲೆ ಅವಳ ಯಂತ್ರದ ಕೋಣೆಗೆ ನಾನು ಕಾಲಿಡೋ ಹಾಗಿಲ್ಲ, ಅಯಸ್ಕಾಂತ ಅದನ್ನ ಕೆಡಿಸುತ್ತಂತೆ, ಸರಿ. ಆದ್ರೆ ಆಸ್ಪತ್ರೆಯಿಂದ ನಾನು ಬರೋ ಹೊತ್ತಿಗೆ ಫ್ರಿಜ್ಜಿನ ಮೇಲಿನ ಅಯಸ್ಕಾಂತದ ಚಿಟ್ಟೆಗಳನ್ನೂ ಕಪಾಟಿನ ಬಾಗಿಲು ಹಿಡಿಯೋ ಪುಟ್ಟ ಅಯಸ್ಕಾಂತವನ್ನೂ ಕಿತ್ತು ಹಾಕಿದ್ದಳು. "ಇಷ್ಟು ಸಣ್ಣದು ಏನೂ ಮಾಡಲ್ಲ ಅಂತ ಡಾಕ್ಟರೇ ಅಂದ್ರಲ್ಲೇ" ಅಂದೆ. ಅಳತೆ ಬಿಟ್ಟು ಒಂದು ಮಾತೂ ಆಡದವಳು, "ನಂಗೂ ಗೊತ್ತು ಅತ್ತೆ, ಆದ್ರೂ ಭಯ ಆಗುತ್ತೆ" ಅಂದಳು. ಅವತ್ತಿಂದ ಕಪಾಟು ಬಾಯಿ ಬಿಟ್ಕೊಂಡೇ ಇದೆ. ಒಂದು ದಾರ ತಗೊಂಡು ಅದರ ಬಾಗಿಲು ಕಟ್ಟಿಬಿಡು ಪುಟ್ಟಾ. ಸ್ವಲ್ಪ ಸಡಿಲ ಇರ್ಲಿ, ಅವಳು ಬಂದು ಇನ್ನೊಂದು ಚೂರು ಬಿಗಿ ಮಾಡ್ಲಿ.