ಕಡಲು ದಾಟಿ ಬಂದ ದೊಡ್ಡಮ್ಮ

ಸಮುದ್ರದ ಮಾತು ಬಂದರೆ ಸಾಕು, ಎದುರುಮನೆ ದೊಡ್ಡಮ್ಮನ ಮುಂಗೈ ಮೇಲಿನ ಕೂದಲು ಎದ್ದು ನಿಲ್ಲುತ್ತಿತ್ತು. "ನೋಡೇ, ಮುಟ್ಟಿ ನೋಡು" ಎಂದು ಬಳೆಗಳನ್ನು ಮೇಲೆ ಸರಿಸಿ ಕೈ ಚಾಚುತ್ತಿದ್ದರು. ಮುಟ್ಟಿದರೆ ಚರ್ಮವೆಲ್ಲ ನಿಜವಾಗಿಯೂ ತರಿತರಿಯಾಗಿರುತ್ತಿತ್ತು. ಹಡಗಿನಿಂದ ಇಳಿದು ವರ್ಷಗಳೇ ಕಳೆದಿದ್ದ ಹೆಂಗಸಿಗೆ ಇನ್ನೂ ಹಾಗಾಗುವುದು ನನಗೆ ಸೋಜಿಗ.

ಐವತ್ತರ ದಶಕದ ಕೊನೆ ಅದು. ಮದುವೆಯಾಗಿ ಜಯನಗರಕ್ಕೆ ಬಂದಿದ್ದೆ. ಆಗ ಅಲ್ಲಿ ಖಾಲಿ ಸೈಟುಗಳೇ ಹೆಚ್ಚು, ಮನೆಗಳು ಅಲ್ಲೊಂದು ಇಲ್ಲೊಂದು. ಸಿದ್ದಾಪುರದ ಕಡೆಯಿಂದ ಬಂದ ದನಗಳು ನಮ್ಮ ಬೇಲಿಯನ್ನೇ ಮೇಯ್ದು ಹೋಗುತ್ತಿದ್ದವು. ಮಾತಿಗೆ ಸಿಗುತ್ತಿದ್ದವರು ದೊಡ್ಡಮ್ಮ ಒಬ್ಬರೇ. ನನಗೆ ಸಂಬಂಧವೇನೂ ಅಲ್ಲ, ಬೀದಿಗೆಲ್ಲ ಅವರು ದೊಡ್ಡಮ್ಮ. ಅವರ ಯಜಮಾನರಿಗೆ ತೋಟಗಾರಿಕೆಯಲ್ಲಿ ಕೆಲಸ. ಗಿಡಮರ ನೋಡಿಕೊಂಡು ಬನ್ನಿ ಎಂದು ಸರ್ಕಾರ ಅವರನ್ನು ಸಿಂಹಳ, ಮಲಯ, ಜಾವಾ ಕಡೆಗೆ ಕಳಿಸಿದಾಗ, ಮಕ್ಕಳಿಲ್ಲದ ಮನೆಯಲ್ಲಿ ಕೂತು ಯಾರ ಮುಖ ನೋಡಲಿ ಎಂದು ದೊಡ್ಡಮ್ಮ ತಾವೂ ಹೊರಟುಬಿಟ್ಟಿದ್ದರು. ಜೊತೆಗೆ ಒಂದು ಕಾಫಿ ಫಿಲ್ಟರು, ಒಂದು ಡಬ್ಬ ಚಟ್ನಿಪುಡಿ.

ಮಧ್ಯಾಹ್ನ ಊಟವಾದ ಮೇಲೆ ಅವರ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದೆವು. ಇವತ್ತು ಯಾವ ಊರಿಗೆ ಹೋಗೋಣ ಎಂದು ಕೇಳುವರು, ಹುಳಿಗೆ ಯಾವ ತರಕಾರಿ ಹಾಕೋಣ ಎನ್ನುವ ಧಾಟಿಯಲ್ಲಿ. ನಾನು ಹೆಚ್ಚಾಗಿ ಜಾವಾ ಎನ್ನುತ್ತಿದ್ದೆ. ಅಲ್ಲಿ ಬೋಗೋರಿನ ತೋಟದಲ್ಲಿ ಆಳೆತ್ತರದ ಹೂವೊಂದು ನೆಲದಿಂದ ಎದ್ದು ನಿಂತಿತ್ತಂತೆ. ಸತ್ತ ಇಲಿಯ ನಾತ. ಮಿಕ್ಕವರು ಮೂಗು ಮುಚ್ಚಿಕೊಂಡರೆ ದೊಡ್ಡಮ್ಮ ಕೈ ಮುಗಿದರು. ಅದು ನಮ್ಮ ಸುವರ್ಣಗಡ್ಡೆಯ ಜಾತಿಯದೇ ಎಂದು ಯಜಮಾನರು ಹೇಳಿದ್ದೇ ತಡ, ಆಮೇಲೆ ಊರಿಗೆ ಬಂದ ಮೇಲೂ ಸುವರ್ಣಗಡ್ಡೆ ಹೆಚ್ಚುವ ಮೊದಲು ಈಳಿಗೆಮಣೆ ಮುಂದೆ ಒಂದು ಗಳಿಗೆ ಸುಮ್ಮನೆ ಕೂರುವುದು ರೂಢಿಯಾಯಿತು. ಮನಸ್ಸು ಮಾಡಿದ್ದರೆ ಇದೂ ಏನಾಗಬಹುದಿತ್ತೋ ಎನ್ನುವರು. ಹಾಗೆಂದು ಹುಳಿ ಮಾಡುವುದನ್ನೇನೂ ಬಿಡಲಿಲ್ಲ.

ಅದೇ ಜಾವಾದಲ್ಲಿ ಹೊಗೆಯಾಡುವ ಬೆಟ್ಟವನ್ನೂ ಹತ್ತಿದ್ದರು. ಅಂಚಿನಲ್ಲಿ ನಿಂತರೆ ಕೆಳಗಿನಿಂದ ಕುದಿಯುವ ಸದ್ದು. ದೊಡ್ಡಮ್ಮ ಚಪ್ಪಲಿ ಬಿಟ್ಟರು, ಅಂಗಾಲು ಚುರ್ರೆಂದಿತು. ಯಜಮಾನರು ಬೈದರೆ ಇವರ ಉತ್ತರ ತಯಾರಿತ್ತು: "ಅಡುಗೆಮನೆಗೆ ಚಪ್ಪಲಿ ಹಾಕ್ಕೊಂಡು ಹೋಗ್ತಾರಾ? ಅದು ಭೂಮಿತಾಯಿ ಒಲೆ."

ಆದರೆ ಅವರ ಮನಸ್ಸು ನಿಂತದ್ದು ಬಾಲಿಯಲ್ಲಿ. ಬೆಳಗಾದರೆ ಮನೆಮನೆಯ ಹೊಸ್ತಿಲಲ್ಲೂ ಎಲೆಯ ಮೇಲೆ ಹೂವು, ಅನ್ನದ ಅಗುಳು. ದೇವಸ್ಥಾನಕ್ಕೆ ಹೋದರೆ ಕಲ್ಲಿನ ಪೀಠ ಇದೆ, ಮೂರ್ತಿ ಇಲ್ಲ. ದೊಡ್ಡಮ್ಮ ಗಾಬರಿಯಾಗಿ, ಹೂವು ಹಿಡಿದು ನಿಂತಿದ್ದ ಹೆಂಗಸೊಬ್ಬಳನ್ನು "ಸ್ವಾಮಿ? ಸ್ವಾಮಿ ಎಲ್ಲಿ?" ಎಂದು ಕೇಳಿದರು. ಅವಳು ನಗುತ್ತ ಹೊರಗೆ ಕೈ ತೋರಿಸಿದಳು. ಅಲ್ಲಿ ಮರದಡಿ ಯಜಮಾನರು ಬೋಳುತಲೆ ಒರೆಸಿಕೊಳ್ಳುತ್ತ ಕೂತಿದ್ದರು. ಮತ್ತೆ ಕೇಳಿದರೂ ಅದೇ ಉತ್ತರ. ಗಂಡನೇ ದೇವರು ಎಂಬ ಉಪದೇಶ ಇಷ್ಟು ದೂರ ಬಂದರೂ ತಪ್ಪಲಿಲ್ಲವಲ್ಲ ಎಂದು ದೊಡ್ಡಮ್ಮನಿಗೆ ರೇಗಿಹೋಯಿತು. ಆ ಸೀಮೆಯ ಮಾತಿನಲ್ಲಿ ಸ್ವಾಮಿ ಎಂದರೆ ಗಂಡ ಎಂದು ಜೊತೆಗಿದ್ದವರು ಆಮೇಲೆ ಬಿಡಿಸಿ ಹೇಳಿದರು. ದೇವರು ಇಳಿದು ಬರುವುದು ಹಬ್ಬಕ್ಕೆ, ಅಲ್ಲಿಯವರೆಗೆ ಪೀಠ ಕಾದಿರುತ್ತದೆ ಎಂದೂ ಹೇಳಿದರು. ಇದನ್ನು ಹೇಳಿ ಜಗಲಿಯಲ್ಲಿ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕ ಮೇಲೆ ದೊಡ್ಡಮ್ಮನ ದನಿ ತಾನಾಗಿ ಇಳಿಯುತ್ತಿತ್ತು. "ಆ ಖಾಲಿ ಪೀಠದ ಮುಂದೆ ಬಂದ ಭಕ್ತಿ ನಂಗೆ ಯಾವ ಗರ್ಭಗುಡಿ ಮುಂದೂ ಬಂದಿಲ್ಲ ಕಣೇ."

ಈ ಮಾತನ್ನು ಅವರ ತವರಿನಲ್ಲಿ ಆಡುವಂತಿರಲಿಲ್ಲ. ತವರು ಬಸವನಗುಡಿಯಲ್ಲಿ, ಬಲು ಮಡಿಯ ಮನೆ. ಸಮುದ್ರ ದಾಟಿ ಬಂದವರು ಪ್ರಾಯಶ್ಚಿತ್ತ ಮಾಡಿಕೊಳ್ಳದೆ ನಡುಮನೆ ದಾಟಿ ಒಳಗೆ ಕಾಲಿಡಕೂಡದು, ಅವರು ಮುಟ್ಟಿದ್ದನ್ನು ಅಮ್ಮ ಉಣ್ಣುವುದಿಲ್ಲ ಎಂದು ದೊಡ್ಡಮ್ಮನ ಅಣ್ಣ ಕಡ್ಡಿ ಮುರಿದಂತೆ ಹೇಳಿದ್ದರು. ಯಜಮಾನರು ಪಂಚಗವ್ಯ ಕುಡಿದು, ಪುರೋಹಿತರು ಹೇಳಿಕೊಟ್ಟದ್ದನ್ನು ಹೇಳಿ ಎದ್ದರು. ಪಂಚಗವ್ಯಕ್ಕೆ ದೊಡ್ಡಮ್ಮನೂ ತಯಾರಿದ್ದರು. ಆದರೆ ಸಂಕಲ್ಪದಲ್ಲಿ ಕಡಲು ದಾಟಿದ ಪಾಪ ಎಂಬ ಮಾತು ಬಂತು. ಅದನ್ನು ಅವರ ನಾಲಗೆ ಆಡಲೊಲ್ಲದು. "ಅಷ್ಟನ್ನ ತೋರಿಸಿದ ದೇವರ ಎದುರಿಗೇ ಅದನ್ನ ಪಾಪ ಅನ್ಲಾ?" ಎಂದು ಎದ್ದು ಬಂದರಂತೆ.

ಅಂದಿನಿಂದ ತವರಿಗೆ ಹೋದರೆ ನಡುಮನೆಯಲ್ಲಿ ಕೂತು ಬರುವುದಷ್ಟೇ. ಹೆತ್ತ ತಾಯಿಗೆ ಒಂದು ಲೋಟ ನೀರು ಕೊಡುವಂತಿಲ್ಲ. ಬೀದಿಗೆಲ್ಲ ಹೇಳಿದ ಕಥೆಯನ್ನು ತಾಯಿಗೆ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಇದನ್ನು ನನಗೆ ಹೇಳುವಾಗ ದೊಡ್ಡಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸುತ್ತಿರಲಿಲ್ಲ, ತಲೆಯನ್ನೂ ಎತ್ತುತ್ತಿರಲಿಲ್ಲ. ನನಗೆ ಆ ಅಣ್ಣನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಅರವತ್ತರ ದಶಕದ ನಡುವೆ ಆ ತಾಯಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ದೊಡ್ಡಮ್ಮನ ಜೊತೆ ನಾನೂ ನೋಡಲು ಹೋದೆ. ಸೊಸೆ ಗಂಜಿ ತಂದರೆ ಮುದುಕಿ ಬಾಯಿ ಬಿಡಲಿಲ್ಲ. ಬಾಗಿಲಾಚೆ ನಿಂತಿದ್ದ ಮಗಳ ಕಡೆ ಬೆರಳು ಮಾಡಿ ಅವಳು ಕುಡಿಸಲಿ ಎಂದರು. ಇವಳಿಗೆ ಪ್ರಾಯಶ್ಚಿತ್ತ ಆಗಿಲ್ಲವಲ್ಲ ಎಂದು ಮಗ ನೆನಪಿಸಿದರು.

ಮುದುಕಿ ಉಸಿರು ಎಳೆದುಕೊಂಡು ನಿಧಾನವಾಗಿ ಹೇಳಿದರು: "ಮಗಳು ಅಷ್ಟು ದೂರ ಹೋಗಿ ಬಂದ್ಲು. ಏನು ನೋಡ್ದೆ ಅಂತ ಒಂದು ದಿನ ನಾನು ಕೇಳ್ಲಿಲ್ಲ. ಅದಕ್ಕೇನು ಪ್ರಾಯಶ್ಚಿತ್ತ ಇದೆ, ನಿಮ್ಮ ಪುರೋಹಿತರನ್ನ ಕೇಳ್ಕೊಂಡು ಬಾ."

ಅಣ್ಣ ಬಾಗಿಲು ಬಿಟ್ಟು ಸರಿದರು. ದೊಡ್ಡಮ್ಮ ಒಳಗೆ ಹೋಗಿ ಗಂಜಿಯ ಬಟ್ಟಲು ಹಿಡಿದು ಕೂತರು. ಒಂದು ಗುಟುಕು ಕುಡಿದ ತಾಯಿ ಕೇಳಿದರು: "ಹಡಗು ಹತ್ತುವಾಗ ಭಯ ಆಯ್ತೇನೇ?"

ಅಷ್ಟು ವರ್ಷ ಆ ಜಗಲಿಯಲ್ಲಿ ಕೂತ ನನಗೆ ಹೊಳೆಯದ ಪ್ರಶ್ನೆ. ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ತುಂಬ ಆಯ್ತಮ್ಮ. ನಿನ್ನನ್ನೇ ನೆನೆಸ್ಕೊಂಡೆ" ಎಂದರು.

ತಾಯಿ ಹೋದರು, ಕೆಲವು ವರ್ಷಗಳ ಮೇಲೆ ದೊಡ್ಡಮ್ಮನೂ ಹೋದರು. ನಾನು ಕಡಲು ದಾಟಿದವಳಲ್ಲ. ಲೋಕ ಎಷ್ಟು ದೊಡ್ಡದೆಂದು ನನಗೆ ಒಂದಿಷ್ಟಾದರೂ ಗೊತ್ತಿದ್ದರೆ ಅದು ದೊಡ್ಡಮ್ಮನ ಋಣ. ಆದರೂ ಅವರು ತೋರಿಸಿದ್ದರಲ್ಲೆಲ್ಲ ದೊಡ್ಡದನ್ನು ನಾನು ಕಂಡದ್ದು ಬಸವನಗುಡಿಯ ಆ ಬಾಗಿಲಲ್ಲಿ ನಿಂತು. ಗಂಜಿ ಮುಗಿದಿತ್ತು. ಬಟ್ಟಲು ತೊಳೆದಿಡಲು ಮಗಳು ಎದ್ದರೆ ತಾಯಿ ಸೆರಗು ಹಿಡಿದು ಕೂರಿಸಿಕೊಂಡು ಕೇಳುತ್ತಿದ್ದರು: "ಆಮೇಲೆ?"